ಹದಿನೈದು ಜನ, ನಾಲ್ಕು ಮನೆ, ಒಂದು ಟಿಟಿ

ಪ್ರಶ್ನೆ: ನಾವು ತುಮಕೂರಿನವರು. ನಾಲ್ಕು ಮನೆಯವರು ಸೇರಿ ನಾಲ್ಕು ದಿನ ಟ್ರಿಪ್ ಹೋಗೋಣ ಅಂತಿದ್ದೇವೆ. ನಮ್ಮ ಮನೆಯಿಂದ ನಾನು, ಯಜಮಾನರು, 14ರ ಮಗ, 9ರ ಮಗಳು, 74 ವರ್ಷದ ಅತ್ತೆ. ಭಾವನ ಮನೆಯಿಂದ ಮೂವರು, ಅವರ ಮಗಳಿಗೆ 20 ವರ್ಷ. ನಾದಿನಿ, ಅವಳ ಗಂಡ, 3 ವರ್ಷದ ಮಗು. ಜೊತೆಗೆ ಯಜಮಾನರ ಬಾಲ್ಯದ ಗೆಳೆಯ, ಅವರ ಹೆಂಡತಿ, ಇಬ್ಬರು ಮಕ್ಕಳು. ಒಟ್ಟು 15 ಜನ. ಡಿಸೆಂಬರ್ ಕೊನೆಯ ವಾರ ಅಂದುಕೊಂಡಿದ್ದೇವೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲಿಗೆ ಅಂತ ಕೇಳಿದ್ದಕ್ಕೆ ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಗೋಕರ್ಣ, ಜೋಗ, ಶೃಂಗೇರಿ, ಹೊರನಾಡು ಎಲ್ಲವೂ ಬಂದಿವೆ. ಎರಡು ವರ್ಷದ ಹಿಂದೆ ಊಟಿಗೆ ಹೋದಾಗ ಖರ್ಚನ್ನು ಮನೆಗೆ ಇಷ್ಟು ಅಂತ ಸಮ ಹಂಚಿದೆವು. ಓರಗಿತ್ತಿ "ನಾವು ಮೂರೇ ಜನ ಅಲ್ವಾ" ಅಂದರು. ಆಮೇಲೆ ಆರು ತಿಂಗಳು ಮಾತು ಸರಿಯಿರಲಿಲ್ಲ. ಈ ಸಲ ಎಲ್ಲ ನನ್ನ ತಲೆ ಮೇಲೆ ಬಿದ್ದಿದೆ. ಅತ್ತೆಗೆ ಮೊಣಕಾಲು ನೋವು ಬೇರೆ. ಹೇಗೆ ಪ್ಲ್ಯಾನ್ ಮಾಡಲಿ? ರೈಲಾ, ಟಿಟಿನಾ (ಟೆಂಪೋ ಟ್ರಾವೆಲರ್)?
ಹೆಸರು ಬೇಡ, ತುಮಕೂರು

ಉತ್ತರ: ನಮಸ್ಕಾರ ಮೇಡಂ. ನಾನು ಇಪ್ಪತ್ತೆರಡು ವರ್ಷದಿಂದ ಗಾಡಿ ಇಟ್ಟುಕೊಂಡು ಜನರನ್ನು ಸುತ್ತಿಸುತ್ತಿದ್ದೇನೆ. ಮೊದಲ ಆರು ವರ್ಷ ಸ್ಟೇರಿಂಗ್ ಹಿಡಿದವನೂ ನಾನೇ. ಡ್ರೈವರ್ ತಲೆ ಮೇಲೆ ಒಂದು ಕನ್ನಡಿ ಇರುತ್ತಲ್ಲ, ಅದರಲ್ಲಿ ಹಿಂದಿನ ಗಾಡಿಗಿಂತ ಜಾಸ್ತಿ ಹಿಂದಿನ ಸೀಟಿನವರು ಕಾಣುತ್ತಾರೆ. ಹೋಗುವಾಗ ಅಂತ್ಯಾಕ್ಷರಿ ಆಡಿದವರು ಬರುವಾಗ ಕಿಟಕಿ ಕಡೆ ಮುಖ ಮಾಡಿ ಕೂತಿರುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಊರು ಚೆನ್ನಾಗಿರಲಿಲ್ಲ ಅಂತ ಯಾರೂ ಜಗಳ ಆಡಿದ್ದು ನೆನಪಿಲ್ಲ. ಜಗಳ ಆಗುವುದು ದುಡ್ಡಿಗೆ, ಸುಸ್ತಿಗೆ, ಮತ್ತೆ "ನನ್ನನ್ನು ಒಂದು ಮಾತು ಕೇಳಲಿಲ್ಲ" ಅನ್ನುವುದಕ್ಕೆ.

ಅದಕ್ಕೇ ನೀವು ಶುರು ಮಾಡಿದ ಜಾಗವೇ ತಪ್ಪು ಅನ್ನುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಗ್ರೂಪಿನಲ್ಲಿ "ಎಲ್ಲಿಗೆ ಹೋಗೋಣ?" ಅಂತ ಕೇಳಬಾರದು. ಕೇಳಿದರೆ ಒಂಬತ್ತು ಊರು ಬರುತ್ತವೆ, ಬಂದಿವೆ. ಈಗ ಅದರಲ್ಲಿ ಯಾವುದನ್ನು ಕೈಬಿಟ್ಟರೂ ಅದನ್ನು ಹೇಳಿದವರಿಗೆ ಒಂಚೂರು ಚುಚ್ಚುತ್ತದೆ. ಊರು ಆರಿಸುವುದು ಕೊನೆಯ ಕೆಲಸ. ಮೊದಲು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ. ಮೂರೇ ಪ್ರಶ್ನೆ. ಮನೆಗೆ ಎಷ್ಟು ಖರ್ಚಾದರೆ ಪರವಾಗಿಲ್ಲ? ಮೈಗೆ ಏನು ಆಗಲ್ಲ: ಮೆಟ್ಟಿಲಾ, ಘಾಟಿಯಾ, ರಾತ್ರಿ ಪ್ರಯಾಣವಾ? ಈ ಟ್ರಿಪ್ಪಿನಲ್ಲಿ ಒಂದೇ ಒಂದು ಬೇಕೇಬೇಕು ಅಂದರೆ ಯಾವುದು?

ದುಡ್ಡಿನ ಮಾತನ್ನು ಯಾರೂ ಗ್ರೂಪಿನಲ್ಲಿ ಹೇಳಲ್ಲ. ನಾಲ್ಕು ಜನರ ಮುಂದೆ "ಅಷ್ಟು ಆಗಲ್ಲ" ಅನ್ನುವುದಕ್ಕೆ ಯಾರಿಗೂ ಬಾಯಿ ಬರಲ್ಲ. ಥಂಬ್ಸ್ ಅಪ್ ಒತ್ತಿ ಸುಮ್ಮನಾಗುತ್ತಾರೆ. ಹಿಂದಿನ ದಿನ ಮಗುವಿಗೆ ಜ್ವರ ಅಂತ ಬರಲ್ಲ, ಇಲ್ಲಾ ಬಂದು ಪ್ರತಿ ಬಿಲ್ಲಿಗೂ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಾರೆ. ನಾಲ್ಕು ಮನೆಯಲ್ಲಿ ಯಾರ ಕೈ ಬಿಗಿ ಇದೆಯೋ ಅವರಿಗೆ ಒಗ್ಗುವ ಹಾಗೆ ಬಜೆಟ್ ಮಾಡಿ. ಜಾಸ್ತಿ ಇರುವವರು ಬೇಕಾದರೆ ಮೇಲಿನಿಂದ ಐಸ್‌ಕ್ರೀಮ್ ಕೊಡಿಸಲಿ. ಇನ್ನೊಂದು ಮಾತು: ಭಾವನ ಮನೆಗೆ ನೀವು ಫೋನ್ ಮಾಡಬೇಡಿ. ಅಣ್ಣನ ಹತ್ತಿರ ತಮ್ಮನೇ ಮಾತಾಡಲಿ. ಊಟಿಯ ಕಥೆ ಓರಗಿತ್ತಿಯರ ನಡುವಿನದು ಅಂತ ಕಾಣಿಸಿದರೂ ಲೆಕ್ಕ ಅಣ್ಣತಮ್ಮಂದಿರದ್ದು.

ಆ ಮೂರನೇ ಪ್ರಶ್ನೆಯನ್ನು ಅತ್ತೆಗೂ ಕೇಳಿ. ಅವರನ್ನು ಕೂರಿಸಿಕೊಂಡು, ಟಿವಿ ಆಫ್ ಮಾಡಿ ಕೇಳಿ. ಯಾಕೆ ಅಂದರೆ, ಒಂದು ಸಲ ದೊಡ್ಡ ಕುಟುಂಬವೊಂದನ್ನು ಧರ್ಮಸ್ಥಳ, ಉಡುಪಿ ಕಡೆ ಕರಕೊಂಡು ಹೋಗಿದ್ದೆ. ಎಂಬತ್ತರ ಹತ್ತಿರದ ಅಜ್ಜಿ ಇದ್ದರು. ಪ್ರತಿ ದೇವಸ್ಥಾನದ ಹತ್ತಿರವೂ "ನಿಮಗೆ ಆಗಲ್ಲ, ಕ್ಯೂ ಇದೆ, ಗಾಡಿಯಲ್ಲೇ ಕೂತಿರಿ" ಅಂತ ಹೇಳಿ, ಎಲ್ಲರೂ ಚಪ್ಪಲಿ ಗಾಡಿಯಲ್ಲೇ ಬಿಟ್ಟು ಇಳಿದು ಹೋಗುತ್ತಿದ್ದರು. ನಾನು ಟೀ ತಂದು ಕೊಟ್ಟರೆ ಅಜ್ಜಿ ಬಗ್ಗಿ, ಕೋಲಿನ ತುದಿಯಲ್ಲಿ ಚಪ್ಪಲಿಗಳನ್ನು ಜೊತೆ ಜೊತೆ ಹೊಂದಿಸುತ್ತಿದ್ದರು. ದೊಡ್ಡವರದ್ದು ಒಂದು ಸಾಲು, ಮಕ್ಕಳದ್ದು ಒಂದು ಸಾಲು. ಉಡುಪಿಯಿಂದ ವಾಪಸ್ ಬರುವಾಗ ಕಾರ್ಕಳದ ಪೇಟೆ ದಾಟುತ್ತಿದ್ದ ಹಾಗೆ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಇಲ್ಲೇ ಕಣಪ್ಪ ನನ್ನ ಚಿಕ್ಕಮ್ಮನ ಮಗಳ ಮನೆ. ಹೋಗುವಾಗಲೂ ಇದೇ ದಾರಿ, ಬರುವಾಗಲೂ ಇದೇ ದಾರಿ." ನಾನು ಗಾಡಿ ನಿಲ್ಲಿಸಿ ಅವರ ಮಗನಿಗೆ ಹೇಳಿದೆ. "ಅಯ್ಯೋ, ಮೊದಲೇ ಹೇಳಬಾರದಾ ಅಮ್ಮಾ" ಅಂದರು. ಹೋದೆವು. ಮುಖ್ಯ ರಸ್ತೆಯಿಂದ ಹತ್ತು ನಿಮಿಷ. ಆ ಟ್ರಿಪ್ಪಿನಲ್ಲಿ ಅಜ್ಜಿ ಗಾಡಿಯಿಂದ ತಾವಾಗಿಯೇ ಇಳಿದಿದ್ದು ಅಲ್ಲಿ ಮಾತ್ರ.

ಈಗ ತಾರೀಖು. ಡಿಸೆಂಬರ್ ಕೊನೆಯ ವಾರ ಬೇಡ. ಕರಾವಳಿಗೆ ಆ ವಾರ ಬೆಂಗಳೂರೇ ಇಳಿದು ಬರುತ್ತದೆ. ಡಿಸೆಂಬರಿನಲ್ಲಿ ಶಾಲೆಗಳ ಶೈಕ್ಷಣಿಕ ಪ್ರವಾಸದ ಬಸ್ಸುಗಳೂ ಇರುತ್ತವೆ, ಅಯ್ಯಪ್ಪ ಮಾಲೆ ಹಾಕಿದವರ ಸೀಸನ್ನೂ ನಡೆಯುತ್ತಿರುತ್ತದೆ. ರೂಮಿನ ರೇಟು ಬಾಯಿಗೆ ಬಂದ ಹಾಗೆ. ನೀವು ಆ ವಾರ ಯಾಕೆ ಆರಿಸಿದಿರಿ ಅಂತ ಗೊತ್ತು: ಯಾರದೋ ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಇನ್ನೊಂದು ಮನೆಯವರದ್ದು ಸ್ಟೇಟ್ ಸಿಲಬಸ್ ಆದರೆ ಅವರ ರಜೆ ದಸರಾಕ್ಕೇ ಮುಗಿದಿರುತ್ತದೆ, ಅವರು ಹೇಗೂ ರಜೆ ಹಾಕಲೇಬೇಕು. ಹಾಗಿದ್ದ ಮೇಲೆ ಸಂಕ್ರಾಂತಿ ಕಳೆದು ಒಂದು ಶುಕ್ರವಾರದಿಂದ ಸೋಮವಾರದವರೆಗೆ ಹೋಗಿ. ಎರಡು ದಿನ ಶಾಲೆ ತಪ್ಪುತ್ತದೆ, ಶನಿವಾರವೂ ಶಾಲೆ ಇದ್ದರೆ ಅದೊಂದು, ಅಷ್ಟೇ. ಮಕರಜ್ಯೋತಿ ಮುಗಿದ ಮೇಲೆ ಮಾಲಾಧಾರಿಗಳ ರಶ್ಶೂ ಇಳಿಯುತ್ತದೆ. ಒಂದು ಎಚ್ಚರಿಕೆ: ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. 2024, 2026, 2028, ಹೀಗೆ ಸಮಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ಪರ್ಯಾಯ ನೋಡಲೇಬೇಕು ಅಂತ ಹೋಗುವುದು ಬೇರೆ. ಗೊತ್ತಿಲ್ಲದೆ 15 ಜನ ಹೋಗಿ ಆ ರಾತ್ರಿ ರೂಮು ಹುಡುಕುವುದು ಬೇರೆ. ಗಣರಾಜ್ಯೋತ್ಸವದ ವಾರಾಂತ್ಯವನ್ನೂ ಬಿಡಿ.

ರೈಲಾ, ಟಿಟಿನಾ ಅಂತ ಕೇಳಿದ್ದೀರಿ. ನಿಮಗೆ ಟಿಟಿ. ಕರಾವಳಿಗೆ ರಾತ್ರಿ ಹೊರಡುವ ರೈಲುಗಳು ಚೆನ್ನಾಗಿವೆ. ಆದರೆ ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಹತ್ತಬೇಕು, ಇಳಿದ ಮೇಲೆ ಅಲ್ಲಿ ಮತ್ತೆ ಗಾಡಿ ಮಾಡಬೇಕು. ಬೇರೆ ಓದುಗರಿಗೆ ಉಪಯೋಗವಾಗಲಿ ಅಂತ ಎರಡು ಮಾತು ಹೇಳಿಬಿಡುತ್ತೇನೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಹಿಂದಿನ 120 ದಿನದ ಲೆಕ್ಕ 2024ರ ನವೆಂಬರಿಗೇ ಹೋಯಿತು. ಒಂದು ಟಿಕೆಟಿನಲ್ಲಿ ಆರು ಜನ ಮಾತ್ರ. ವಯಸ್ಸಾದವರಿಗೆ ಕೆಳಗಿನ ಬರ್ತ್ ಬೇಕಿದ್ದರೆ ಅವರನ್ನು ಆರು ಜನರ ಟಿಕೆಟಿಗೆ ಸೇರಿಸಬೇಡಿ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಒಬ್ಬರೇ, ಇಲ್ಲವೇ ಅಂಥವರಿಬ್ಬರೇ ಇರುವ ಟಿಕೆಟಿಗೆ ಮಾತ್ರ ಆ ಲೋವರ್ ಬರ್ತ್ ಕೋಟಾ ಸಿಗುತ್ತದೆ. ಮನೆಮಂದಿಯೆಲ್ಲ ಒಂದೇ ಟಿಕೆಟ್ ಮಾಡಿಸಿ, ಅಜ್ಜಿಗೆ ಅಪ್ಪರ್ ಬಂತು ಅಂತ ರೈಲ್ವೆಯವರನ್ನು ಬೈಯುವವರು ಬಹಳ.

ಟಿಟಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಇದು ನನ್ನ ಹೊಟ್ಟೆಪಾಡು. 15 ಜನ ಅಂತ 17 ಸೀಟಿನ ಗಾಡಿ ಮಾಡಬೇಡಿ. ನಾಲ್ಕು ಮನೆಯ ಬ್ಯಾಗು ಹಿಂದಿನ ಸಾಲನ್ನು ನುಂಗುತ್ತದೆ. 20 ಸೀಟಿನದು ಮಾಡಿ. ಹಳದಿ ಬೋರ್ಡ್ ಇರಲೇಬೇಕು. ಸ್ನೇಹಿತರ ಸ್ನೇಹಿತರ ಬಿಳಿ ಬೋರ್ಡ್ ಗಾಡಿ ಎರಡು ರೂಪಾಯಿ ಕಡಿಮೆಗೆ ಸಿಗುತ್ತದೆ ಅಂತ ಹೋದರೆ, ಅಪಘಾತವಾದಾಗ ಇನ್ಶೂರೆನ್ಸ್ ಕೈಗೆ ಸಿಗಲ್ಲ. ಬಾಡಿಗೆ ಕೇಳುವಾಗ ಕಿಲೋಮೀಟರಿಗೆ ಎಷ್ಟು ಅಂತ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ದಿನಕ್ಕೆ ಮಿನಿಮಂ ಎಷ್ಟು ಕಿಲೋಮೀಟರ್, ಮೀಟರ್ ಶುರುವಾಗುವುದು ನಿಮ್ಮ ಮನೆಯಿಂದಲೋ ಅವರ ಗ್ಯಾರೇಜಿನಿಂದಲೋ, ಡ್ರೈವರ್ ಬಾಟಾ ಎಷ್ಟು, ಟೋಲ್ ಮತ್ತು ಪಾರ್ಕಿಂಗ್ ಯಾರದ್ದು, ಘಾಟಿಯಲ್ಲಿ ಏಸಿ ಹಾಕುತ್ತಾರಾ ಇಲ್ಲವಾ. ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.

ಆ ಮಿನಿಮಂನಲ್ಲಿ ಒಂದು ಬಲೆ ಇದೆ. ಬಹಳ ಕಡೆ ದಿನಕ್ಕೆ 300 ಕಿ.ಮೀ., ಕೆಲವರದ್ದು 250. ನಾಲ್ಕು ದಿನಕ್ಕೆ 300ರಂತೆ 1,200 ಆಯಿತು. ನಾನು ಮುಂದೆ ಹೇಳುವ ದಾರಿಯಲ್ಲಿ ನೀವು ಓಡುವುದು ಹೆಚ್ಚೆಂದರೆ 800. ಕಟ್ಟುವುದು ಮಾತ್ರ 1,200ಕ್ಕೆ. ಇದು ಗೊತ್ತಾದ ತಕ್ಷಣ ಗಾಡಿಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು "ಹೇಗೂ ದುಡ್ಡು ಕೊಡ್ತೀವಲ್ಲ, ಮುರ್ಡೇಶ್ವರನೂ ನೋಡ್ಕೊಂಡೇ ಹೋಗೋಣ" ಅನ್ನುತ್ತಾರೆ. ಅನುಭವದ ಮಾತು: ಟ್ರಿಪ್ ಕೆಡುವುದು ಆ ಘಳಿಗೆಯಲ್ಲಿ. ಉಳಿದ 400 ಕಿ.ಮೀ. ಓಡಿಸಿದರೆ ಸುಸ್ತಾಗುವುದು ಗಾಡಿಯಲ್ಲ, ಅತ್ತೆಯವರ ಮೊಣಕಾಲು ಮತ್ತು ನಾದಿನಿಯ ಮಗು. ಮಿನಿಮಂ ಅನ್ನುವುದು ಗಾಡಿ ಮತ್ತು ಡ್ರೈವರ್ ನಾಲ್ಕು ದಿನ ನಿಮ್ಮ ಜೊತೆ ಇರುವುದಕ್ಕೆ ಕೊಡುವ ದುಡ್ಡು. ಹಾಗಂತ ಮೊದಲೇ ಎಲ್ಲರಿಗೂ ಹೇಳಿಬಿಡಿ.

ಡ್ರೈವರ್ ಎಲ್ಲಿ ಮಲಗುತ್ತಾನೆ ಅಂತ ಬುಕ್ ಮಾಡುವ ಮೊದಲೇ ಯೋಚನೆ ಮಾಡಿ. ಇದನ್ನು ನೂರಕ್ಕೆ ತೊಂಬತ್ತು ಜನ ಕೇಳುವುದೇ ಇಲ್ಲ. ಸೊಳ್ಳೆಗಳ ಮಧ್ಯೆ ಗಾಡಿ ಸೀಟಿನ ಮೇಲೆ ರಾತ್ರಿ ಕಳೆದವನ ಕೈಗೆ ಬೆಳಿಗ್ಗೆ ಘಾಟಿಯನ್ನು ಕೊಡುತ್ತೀರಿ. ಲಾಡ್ಜ್ ಬುಕ್ ಮಾಡುವಾಗಲೇ ಡ್ರೈವರಿಗೆ ಹಾಸಿಗೆ, ಸ್ನಾನಕ್ಕೆ ಜಾಗ ಇದೆಯಾ ಕೇಳಿ. ಊಟಕ್ಕೆ ನಿಮ್ಮ ಜೊತೆಗೇ ಕರೆಯಿರಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ಊಟಿಯಲ್ಲಿ ನೀವು ಮಾಡಿದ್ದು ಎಲ್ಲ ಖರ್ಚಿಗೂ ಒಂದೇ ತಕ್ಕಡಿ. ಖರ್ಚಿಗೆ ತಕ್ಕ ಹಾಗೆ ತಕ್ಕಡಿ ಬದಲಾಗಬೇಕು. ಗಾಡಿ ಸೀಟಿನ ಲೆಕ್ಕ, ರೂಮು ರೂಮಿನ ಲೆಕ್ಕ, ಊಟ ತಲೆ ಲೆಕ್ಕ.

ಗಾಡಿಗೆ ಕಿ.ಮೀ.ಗೆ 25 ರೂಪಾಯಿ ಅಂತ ಸುಮ್ನೆ ಉದಾಹರಣೆಗೆ ಇಟ್ಟುಕೊಳ್ಳಿ. 1,200 ಕಿ.ಮೀ.ಗೆ 30,000. ಬಾಟಾ 3,000, ಟೋಲ್ ಪಾರ್ಕಿಂಗ್ 3,000. ಒಟ್ಟು 36,000. ಮೂರು ವರ್ಷದ ಮಗುವಿಗೂ ಸೀಟು ಬೇಕು, ನಾಲ್ಕು ದಿನ ತೊಡೆ ಮೇಲೆ ಕೂರಲ್ಲ. ಹಾಗಾಗಿ 15 ಸೀಟು, ತಲಾ 2,400. ಈಗ ಅತ್ತೆಯ 2,400 ಯಾರದ್ದು? ಊಟಿಯ ಕಹಿ ಇಲ್ಲೇ ಹುಟ್ಟಿರಬೇಕು ಅಂತ ನನ್ನ ಊಹೆ. ಅತ್ತೆ ನಿಮ್ಮ ಮನೆಯಲ್ಲಿದ್ದಾರೆ ಅಂತ ನಿಮ್ಮ ಲೆಕ್ಕಕ್ಕೆ ಹಾಕಿದರೆ ನಿಮಗೆ ಭಾರ. ಎಲ್ಲರಿಗೂ ಹಂಚಿದರೆ ಗೆಳೆಯನ ಮನೆಯವರು ಯಾಕೆ ಕೊಡಬೇಕು? ಅಮ್ಮನ ಖರ್ಚು ಮೂರು ಮಕ್ಕಳದ್ದು: ಭಾವ, ನಿಮ್ಮ ಯಜಮಾನರು, ನಾದಿನಿ. ತಲಾ 800. ಆಗ ಗಾಡಿಗೆ ನಿಮ್ಮದು 10,400, ಭಾವನದು 8,000, ನಾದಿನಿಯದು 8,000, ಗೆಳೆಯನದು 9,600. ಕೂಡಿಸಿ ನೋಡಿ, 36,000. ಊಟಿಯ ಹಾಗೆ ಮನೆಗೆ ಸಮ ಹಂಚಿದ್ದರೆ ಎಲ್ಲರದೂ 9,000 ಆಗುತ್ತಿತ್ತು. ನಿಮ್ಮ ಓರಗಿತ್ತಿಯ ಕೈಯಿಂದ ಸಾವಿರ ಜಾಸ್ತಿ ಹೋಗುತ್ತಿತ್ತು, ನಿಮಗೆ ಸಾವಿರದ ನಾನೂರು ಉಳಿಯುತ್ತಿತ್ತು. ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು ಮೇಡಂ. ಈ ಲೆಕ್ಕವನ್ನು ಹೊರಡುವ ಮೊದಲೇ ತೋರಿಸಿದರೆ ಅರ್ಧ ಮುನಿಸು ಅಲ್ಲೇ ಕರಗುತ್ತದೆ.

ರೂಮು ಐದು. ನೀವಿಬ್ಬರು ಮತ್ತು ಮಗ ಒಂದರಲ್ಲಿ, ಭಾವ ದಂಪತಿ ಒಂದರಲ್ಲಿ, ನಾದಿನಿಯ ಮೂವರು ಒಂದರಲ್ಲಿ, ಗೆಳೆಯನ ಮನೆಯ ನಾಲ್ವರು ಎಕ್ಸ್‌ಟ್ರಾ ಬೆಡ್ ಹಾಕಿಸಿ ಒಂದರಲ್ಲಿ. ಐದನೆಯದು ಅತ್ತೆ, ಭಾವನ ಮಗಳು, ನಿಮ್ಮ ಮಗಳು. ಅವರವರ ರೂಮಿನ ಬಾಡಿಗೆ ಅವರವರದ್ದು, ಐದನೆಯದು ಮತ್ತೆ ಆ ಮೂವರು ಅಣ್ಣತಮ್ಮ ತಂಗಿಯದ್ದು. ಅತ್ತೆಯ ರೂಮು ನೆಲಮಹಡಿಯಲ್ಲಿರಲಿ. ಲಿಫ್ಟ್ ಇದೆ ಅಂತ ನಂಬಿ ಮೂರನೇ ಮಹಡಿ ಒಪ್ಪಿಕೊಳ್ಳಬೇಡಿ. ಕಮೋಡ್ ಇದೆಯಾ ಅಂತ ಫೋನಿನಲ್ಲಿ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಬಾತ್‌ರೂಮಿನ ಫೋಟೋ ಕಳಿಸಿ ಅನ್ನಿ.

ಊಟ, ಕಾಫಿ, ಬೋಟು, ಸೇವಾ ಚೀಟಿ ಇವಕ್ಕೆ ಒಂದು ಕಾಮನ್ ಪರ್ಸ್ ಮಾಡಿ. ಮೂರರ ಮಗುವನ್ನು ಬಿಟ್ಟು 14 ತಲೆ, ತಲಾ 1,800 ಅಂದರೆ 25,200. ಮಕ್ಕಳಿಗೆ ಅರ್ಧ ಅಂತ ಶುರು ಮಾಡಬೇಡಿ. 14ರ ಹುಡುಗ ಅಪ್ಪನಿಗಿಂತ ಎರಡು ದೋಸೆ ಜಾಸ್ತಿ ತಿನ್ನುತ್ತಾನೆ. ಪರ್ಸನ್ನು ನೀವು ಇಟ್ಟುಕೊಳ್ಳಬೇಡಿ, ಗಂಡಸರ ಕೈಗೂ ಬೇಡ. ಭಾವನ ಮಗಳ ಕೈಗೆ ಕೊಡಿ. ಫೋನಿನಲ್ಲಿ ಬರೆದುಕೊಂಡು ದಿನಾ ರಾತ್ರಿ ಗ್ರೂಪಿಗೆ ಹಾಕಲಿ. ಇಪ್ಪತ್ತರ ಹುಡುಗಿಯ ಜೊತೆ ನೂರು ರೂಪಾಯಿಗೆ ಯಾವ ದೊಡ್ಡವರೂ ಜಗಳಕ್ಕೆ ನಿಲ್ಲಲ್ಲ, ನಿಂತರೆ ಅವರಿಗೇ ನಾಚಿಕೆ. ಅವಳ ಅಪ್ಪ ಅಮ್ಮನಿಗೂ ಲೆಕ್ಕ ತಮ್ಮ ಮನೆಯಲ್ಲೇ ಇದೆ ಅನ್ನುವ ಸಮಾಧಾನ. ಶಾಪಿಂಗ್, ಗಂಡಸರು ರಾತ್ರಿ ಒಂದು ರೂಮಿಗೆ ಸೇರಿ ಮಾಡುವ "ಮೀಟಿಂಗ್", ಇವು ಈ ಪರ್ಸಿಗೆ ಬರಕೂಡದು.

ಬರುತ್ತೇವೆ ಅನ್ನುವವರಿಂದ ತಿಂಗಳ ಮೊದಲೇ ಗಾಡಿಯ ಪಾಲು ತೆಗೆದುಕೊಳ್ಳಿ. ಕೊನೆಗೆ ಬರದಿದ್ದರೆ ಅದು ವಾಪಸ್ ಇಲ್ಲ, ಗಾಡಿ ಹೇಗೂ ಓಡುತ್ತದೆ ಅಂತ ಈಗಲೇ ಹೇಳಿ. ನಮ್ಮ ಜನರ "ಬರ್ತೀವಿ" ದುಡ್ಡು ಬಿದ್ದ ಮೇಲೆ "ಬರ್ತೀವಿ" ಆಗುವುದು.

ಈಗ ಊರು. ಒಂಬತ್ತರಲ್ಲಿ ಮೂರು ಉಳಿಸುತ್ತೇನೆ: ಧರ್ಮಸ್ಥಳ, ಉಡುಪಿ, ಶೃಂಗೇರಿ. ಧರ್ಮಸ್ಥಳದಲ್ಲಿ ಒಂದು ರಾತ್ರಿ, ಉಡುಪಿ ಅಥವಾ ಮಲ್ಪೆಯಲ್ಲಿ ಎರಡು. 15 ಜನ ದಿನಾ ರೂಮು ಬದಲಾಯಿಸಿದರೆ ದಿನಾ ಬೆಳಿಗ್ಗೆ ಎರಡು ಗಂಟೆ ಬ್ಯಾಗು ತುಂಬುವುದಕ್ಕೇ ಹೋಗುತ್ತದೆ, ತುಂಬುವವರು ಯಾರು ಅಂತ ನಿಮಗೆ ಗೊತ್ತು.

ಮೊದಲ ದಿನ ಬೆಳಿಗ್ಗೆ ಐದಕ್ಕೆ ಹೊರಡಬೇಕು. ನಾಲ್ಕು ಮನೆಗೆ ಹೋಗಿ ಹತ್ತಿಸಿಕೊಳ್ಳುವುದು ಅಂತ ಇಟ್ಟುಕೊಂಡರೆ ಐದು ಅನ್ನುವುದು ಏಳಾಗುತ್ತದೆ. ಹಿಂದಿನ ರಾತ್ರಿಯೇ ಎಲ್ಲರೂ ನಿಮ್ಮ ಮನೆಯಲ್ಲಿ ಸೇರಿಬಿಡಲಿ. ಟ್ರಿಪ್ ಅಲ್ಲೇ ಶುರುವಾದ ಹಾಗೆ, ಮಕ್ಕಳಿಗೆ ಅದೇ ಮಜಾ. ಬುತ್ತಿ ಒಂದು ಹೊತ್ತಿಗೆ ಸಾಕು, ಮನೆಗೆ ಒಂದು ಐಟಂ ಹಂಚಿ. ನೀವೊಬ್ಬರೇ ಮೂರು ಗಂಟೆಗೆ ಎದ್ದು 15 ಜನಕ್ಕೆ ಪುಳಿಯೋಗರೆ ಕಲೆಸಬೇಡಿ. ತಿಪಟೂರು, ಅರಸೀಕೆರೆ, ಬಾಣಾವರ, ಬೇಲೂರು, ಮೂಡಿಗೆರೆ, ಚಾರ್ಮಾಡಿ, ಉಜಿರೆ: ರಾಷ್ಟ್ರೀಯ ಹೆದ್ದಾರಿ 73 ನಿಮ್ಮ ಊರಿನಿಂದಲೇ ಹೊರಟು ಆ ಕಡೆಗೇ ಹೋಗುತ್ತದೆ. ಚಾರ್ಮಾಡಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿನ್ನಿ. ಘಾಟಿಯಲ್ಲಿ ವಾಂತಿ ಮಾಡುವವರು ಮಾತ್ರ ಹೊಟ್ಟೆ ಬಿರಿಯುವಷ್ಟು ತಿನ್ನಬಾರದು, ಪೂರ್ತಿ ಖಾಲಿಯೂ ಇರಬಾರದು. ಅವರನ್ನು ಮುಂದೆ ಕೂರಿಸಿ, ಮೊಬೈಲ್ ಕಿತ್ತುಕೊಳ್ಳಿ. ವಾಂತಿ ಮಾತ್ರೆಯನ್ನು ಘಾಟಿ ಶುರುವಾದ ಮೇಲೆ ನುಂಗಿದರೆ ಉಪಯೋಗವಿಲ್ಲ, ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಚಿಕ್ಕ ಮಗುವಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ದಾರಿಯಲ್ಲಿ ಎರಡು ಗಂಟೆಗೊಮ್ಮೆ ಒಳ್ಳೆ ಟಾಯ್ಲೆಟ್ ಇರುವ ಕಡೆ ನಿಲ್ಲಿಸಿ ಅಂತ ಡ್ರೈವರಿಗೆ ಮೊದಲೇ ಹೇಳಿಡಿ. ಹೆಂಗಸರು ಟಾಯ್ಲೆಟ್ ಸಿಗಲ್ಲ ಅಂತ ದಿನವಿಡೀ ನೀರು ಕುಡಿಯದೆ ಕೂತಿರುತ್ತಾರೆ. ಸಂಜೆ ಹೊತ್ತಿಗೆ ತಲೆನೋವು, ತಲೆನೋವಿನಿಂದ ಸಿಡುಕು. ಗಂಡಸರಿಗೆ ಇದು ಹೊಳೆಯುವುದೇ ಇಲ್ಲ, ನನಗೂ ಹೆಂಡತಿ ಹೇಳಿದ ಮೇಲೆ ಗೊತ್ತಾಗಿದ್ದು.

ಇನ್ನೊಂದು ವಿಷಯ, ಯಾರೂ ಬಾಯಿಬಿಟ್ಟು ಹೇಳದೇ ಇರುವುದು. ನಾಲ್ಕು ದಿನವೂ ಬರೀ ದೇವಸ್ಥಾನವೇ ಇದ್ದರೆ, ಯಾರಿಗಾದರೂ ದಾರಿಯಲ್ಲಿ ಮುಟ್ಟಾದರೆ ಅವರು ಗಾಡಿಯಲ್ಲೋ ರೂಮಿನಲ್ಲೋ ಒಬ್ಬರೇ ಉಳಿಯುತ್ತಾರೆ. ಅದಕ್ಕೆ ಹೆದರಿ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗುತ್ತಾರೆ. ಡಾಕ್ಟರನ್ನು ಕೇಳದೆ ಅದು ಬೇಡ. ನಿಮ್ಮ ನಿಮ್ಮ ಮನೆಯ ಪದ್ಧತಿ ನಿಮಗೆ ಬಿಟ್ಟದ್ದು. ನಾನು ಉಡುಪಿಯಲ್ಲಿ ಎರಡು ರಾತ್ರಿ ಇಟ್ಟಿದ್ದಕ್ಕೆ ಇದೂ ಒಂದು ಕಾರಣ. ಸಮುದ್ರಕ್ಕೆ ಯಾವ ಮೈಲಿಗೆಯೂ ಇಲ್ಲ.

ಧರ್ಮಸ್ಥಳಕ್ಕೆ ಮಧ್ಯಾಹ್ನ ತಲುಪುತ್ತೀರಿ. ಮಲಗಿ ಎದ್ದು, ದರ್ಶನ ಸಂಜೆಗೋ ಮಾರನೇ ದಿನ ಬೆಳಿಗ್ಗೆಗೋ ಇಟ್ಟುಕೊಳ್ಳಿ. ಒಳಗೆ ಗಂಡಸರು ಶರ್ಟು, ಬನಿಯನ್ ತೆಗೆಯಬೇಕು, 14ರ ಹುಡುಗನಿಗೆ ಮೊದಲೇ ಹೇಳಿಡಿ, ಆ ವಯಸ್ಸಿಗೆ ಬಾಗಿಲಲ್ಲಿ ನಿಂತು ಮುನಿಸಿಕೊಳ್ಳುತ್ತಾರೆ. ಎರಡನೇ ದಿನ ಕಾರ್ಕಳದ ಮೇಲೆ ಉಡುಪಿ, ಸುಮಾರು 100 ಕಿ.ಮೀ. ಕುಕ್ಕೆ ಬೇಕೇಬೇಕು ಅಂತ ಯಾರಿಗಾದರೂ ಹರಕೆ ಇದ್ದರೆ ಅದೊಂದಕ್ಕೇ ಬೇರೆ ಬನ್ನಿ. ಸರ್ಪಸಂಸ್ಕಾರವಂತೂ ಎರಡು ದಿನದ ಕೆಲಸ, 15 ಜನರ ನಡುವೆ ಆಗುವುದಲ್ಲ.

ಮೂರನೇ ದಿನ ಗಾಡಿಯ ಕೀಲಿಯನ್ನು ಡ್ರೈವರಿಗೆ ಕೊಟ್ಟು ನಿದ್ದೆ ಮಾಡು ಅನ್ನಿ. ಬೆಳಿಗ್ಗೆ ಬೇಗ ಕೃಷ್ಣನ ದರ್ಶನ, ರಥಬೀದಿಯಲ್ಲಿ ತಿಂಡಿ. ಆಮೇಲೆ ಆಟೋದಲ್ಲಿ ಮಲ್ಪೆ. ಸೇಂಟ್ ಮೇರಿಸ್ ದ್ವೀಪಕ್ಕೆ ಬೋಟಿನಲ್ಲಿ ಮಕ್ಕಳನ್ನು ಕರಕೊಂಡು ಹೋಗಿ, ಕಂಬ ಕಂಬವಾಗಿ ನಿಂತ ಕಪ್ಪು ಬಂಡೆಗಳನ್ನು ನೋಡಲೇಬೇಕು. ಬೋಟು ಹತ್ತಿ ಇಳಿಯುವುದು ಅತ್ತೆಗೆ ಕಷ್ಟ. ಅವರ ಜೊತೆ ದಡದಲ್ಲಿ ಕೂರುವುದಕ್ಕೆ ಪಾಳಿ ಹಾಕಿ, ಮೊದಲ ಪಾಳಿ ಅವರ ಇಬ್ಬರು ಗಂಡುಮಕ್ಕಳದ್ದು. ಸೊಸೆಯರದ್ದು ಬೇಡ. ಸಮುದ್ರದಲ್ಲಿ ಮಾತ್ರ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ: ಮಕ್ಕಳು ಮೊಣಕಾಲಿನ ಮೇಲೆ ನೀರಿಗೆ ಹೋಗಬಾರದು, ದಡದಲ್ಲಿ ಇಬ್ಬರು ದೊಡ್ಡವರು ಫೋನ್ ಜೇಬಿಗೆ ಹಾಕಿಕೊಂಡು ನಿಂತಿರಬೇಕು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುಳುಗಿ ತೀರಿಕೊಂಡರು. ಬಯಲುಸೀಮೆಯ ಮಕ್ಕಳಿಗೆ ಅಲೆ ವಾಪಸ್ ಹೋಗುವಾಗ ಎಳೆಯುತ್ತದೆ ಅನ್ನುವುದು ಗೊತ್ತಿರಲ್ಲ.

ಆ ದಿನ ರಾತ್ರಿ ಊಟಕ್ಕೆ ಬೇರೆ ಬೇರೆ ಹೋಗಿ. ಮೀನು ತಿನ್ನುವವರು ಮೀನಿಗೆ, ಉಳಿದವರು ವೆಜ್ಜಿಗೆ, ಯಾರಿಗಾದರೂ ಗಂಡ ಹೆಂಡತಿ ಇಬ್ಬರೇ ಹೋಗಬೇಕು ಅನ್ನಿಸಿದರೆ ಹೋಗಲಿ. ನಾಲ್ಕು ದಿನದಲ್ಲಿ ಒಂದು ಹೊತ್ತು ಬೇರೆಯಾದವರು ಮಾರನೇ ದಿನ ಚೆನ್ನಾಗಿ ಮಾತಾಡುತ್ತಾರೆ, ನಾನು ಕನ್ನಡಿಯಲ್ಲಿ ನೋಡಿದ್ದು.

ನಾಲ್ಕನೇ ದಿನ ಆರಕ್ಕೆ ಹೊರಟು ಆಗುಂಬೆ ಹತ್ತಿ ಶೃಂಗೇರಿ. ಹದಿನಾಲ್ಕು ಹೇರ್‌ಪಿನ್ ತಿರುವು, ಆದ್ದರಿಂದ ಘಾಟಿ ಓಡಿಸಿ ಅಭ್ಯಾಸ ಇರುವ ಡ್ರೈವರ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಆಗುಂಬೆಯ ಸೂರ್ಯಾಸ್ತ ಅಂತ ಯಾರಾದರೂ ಶುರು ಮಾಡುತ್ತಾರೆ. ಅದನ್ನು ನೋಡುವುದಕ್ಕೆ ನಿಂತರೆ ಮುಂದಿನ ದಾರಿಯೆಲ್ಲ ರಾತ್ರಿಯದು, ಬಿಟ್ಟುಬಿಡಿ. ಶೃಂಗೇರಿಯಲ್ಲಿ ಶಾರದೆಯ ದರ್ಶನ, ಪಕ್ಕದ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬ, ತುಂಗೆಯಲ್ಲಿ ಮೀನುಗಳಿಗೆ ಒಂದು ಹಿಡಿ ಮಂಡಕ್ಕಿ. ಅಲ್ಲೇ ಪ್ರಸಾದದ ಊಟ ಮುಗಿಸಿ. ಮಧ್ಯಾಹ್ನ ಬಾಗಿಲು ಹಾಕುವ ಮೊದಲೇ ತಲುಪುವುದು ಮುಖ್ಯ. ಚಿಕ್ಕಮಗಳೂರು, ಕಡೂರು, ಅರಸೀಕೆರೆ ಮೇಲೆ ರಾತ್ರಿ ಊಟದ ಹೊತ್ತಿಗೆ ಮನೆ. ಕೊಲ್ಲೂರು, ಮುರ್ಡೇಶ್ವರ, ಗೋಕರ್ಣ ಹೇಳಿದವರಿಗೆ, ಮುಂದಿನ ಸಲ ಆ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ ಅಂತ ಹೇಳಿ. ಅದು ಸಮಾಧಾನದ ಮಾತಲ್ಲ, ಮ್ಯಾಪ್ ನೋಡಿದರೂ ಹಾಗೇ ಇದೆ.

ಗ್ರೂಪಿಗೆ ಈ ಪ್ಲ್ಯಾನನ್ನು ಹಾಕುವಾಗ "ಏನಂತೀರಾ?" ಅಂತ ಕೇಳಬೇಡಿ. "ಇದು ಪ್ಲ್ಯಾನು, ಮೈಗೋ ದುಡ್ಡಿಗೋ ತೊಂದರೆ ಇದ್ದರೆ ನನಗೆ ಫೋನ್ ಮಾಡಿ" ಅಂತ ಹಾಕಿ.

ಅತ್ತೆಯವರ ಮೊಣಕಾಲಿಗೆ ಕೊನೆಯದಾಗಿ ಒಂದು. ಟಿಟಿಯ ಮೊದಲ ಮೆಟ್ಟಿಲು ನೆಲದಿಂದ ಸಾಕಷ್ಟು ಎತ್ತರ. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವುದೇ ಅವರಿಗೆ ದೊಡ್ಡ ಬೆಟ್ಟ. ಬಾತ್‌ರೂಮಿನಲ್ಲಿ ಇಟ್ಟುಕೊಳ್ಳುವಂಥ ಗಟ್ಟಿ ಪ್ಲಾಸ್ಟಿಕ್ ಸ್ಟೂಲ್ ಒಂದನ್ನು ಗಾಡಿಗೆ ಹಾಕಿಕೊಳ್ಳಿ, ಅಲ್ಲಾಡದ ಹಾಗೆ ಒಬ್ಬರು ಹಿಡಿದುಕೊಂಡರೆ ಅದೇ ಅವರ ಮೆಟ್ಟಿಲು. ಹೊರಡುವ ಮುಂಚೆ ಸ್ಟೂಲ್ ಒಳಗೆ ಬಂತಾ ಅಂತ ನೋಡುವ ಕೆಲಸವನ್ನು ನಿಮ್ಮ ಒಂಬತ್ತರ ಮಗಳಿಗೆ ಕೊಡಿ. ದೊಡ್ಡವರಿಗೆ ಕೊಟ್ಟರೆ ಮರೆಯುತ್ತಾರೆ. ನನ್ನ ಗಾಡಿಯಿಂದ ಇದುವರೆಗೆ ನಾಲ್ಕು ಸ್ಟೂಲ್ ಹೋಗಿವೆ, ಅದರಲ್ಲಿ ಎರಡು ಧರ್ಮಸ್ಥಳದ ಪಾರ್ಕಿಂಗಿನಲ್ಲೇ.